ಕುಂತವರ ಕಡೆಯಿಂದ ಕಂಡದ್ದು

ಹಾವೇರಿಯ ಪಿ.ಬಿ. ರಸ್ತೆಯ ಅಂಚಿನ ವರ್ಕ್‌ಶಾಪುಗಳಲ್ಲಿ ಇನ್ನೂ ಒಂದು ಶಟರೂ ಮೇಲೇರಿಲ್ಲ. ಜನವರಿಯ ಚಳಿಗೆ ಚಹಾದಂಗಡಿಯವನು ಒಲೆಗೆ ಆತುಕೊಂಡೇ ಕುಳಿತಿದ್ದಾನೆ. ಅಗಡಿಯಿಂದ ಬಂದ ಮೊದಲ ಬಸ್ಸಿನಿಂದ ಇಳಿದ ಮೈಮುನಾಬಿ, ತಲೆಯ ಮೇಲಿನ ಸೆರಗು ಜಾರದಂತೆ ಹಲ್ಲಿನಲ್ಲಿ ಕಚ್ಚಿ ಹಿಡಿದು, ಬಲಗೈಯಿಂದ ಬೀಗ ತೆಗೆಯುತ್ತಾರೆ. ಶಟರನ್ನು ಮೊಣಕಾಲ ಮಟ್ಟಕ್ಕೆ ಎತ್ತಿ, ಅದರ ಕೆಳಗೆ ಭುಜ ಕೊಟ್ಟು ಮೇಲಕ್ಕೆ ನೂಕುತ್ತಾರೆ. ಅವರಿಗೆ ಎಡಗೈ ಮೊಣಕೈಯಿಂದ ಕೆಳಗೆ ಇಲ್ಲ.

ಒಳಗೆ ಕಬ್ಬಿಣದ ಪಟ್ಟಿ, ತಗಡಿನ ರಾಶಿ, ಅರ್ಧ ಬಣ್ಣ ಕಂಡ ಯಂತ್ರಗಳು. ಅವನ್ನೆಲ್ಲ ದಾಟಿದರೆ ಮೂಲೆಯಲ್ಲಿ ಗಾಜಿನ ಕಿಟಕಿಯ ಸಣ್ಣ ಕೋಣೆ. ಚಪ್ಪಲಿ ಹೊರಗೇ ಬಿಡಬೇಕು. ಧೂಳಿಗೆ ಹೆದರಿ ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ತೆಗೆದು, ಮಡಿಚಿಟ್ಟು, ಸ್ಟೆಬಿಲೈಜರಿನ ಗುಂಡಿ ಒತ್ತುತ್ತಾರೆ. ಪರದೆ ಬೆಳಗುವವರೆಗೆ ಕೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಾರೆ.

“ಹೊತ್ತು ಏರಿದ ಮ್ಯಾಲೆ ಓಣಿ ತುಂಬ ವೆಲ್ಡಿಂಗ್ ಚಾಲೂ ಆಗತೈತ್ರಿ. ಕರೆಂಟು ಕುಗ್ಗತೈತಿ. ಅರ್ಧಾ ಮಾಡಿದ್ದು ಪಕ್ಕನ ಹೋಗಿಬಿಡತೈತಿ. ಅದಕ್ಕ ಲಗೂನ ಬರತೇನಿ,” ಎನ್ನುತ್ತಾರೆ.

ಮೈಮುನಾಬಿ ನಕ್ಷೆ ಮಾಡುವವರು. ಕಾಳು ಹಸನು ಮಾಡುವ, ಶೇಂಗಾ ಸುಲಿಯುವ, ಮೆಣಸಿನಕಾಯಿ ಪುಡಿ ಮಾಡುವ ಯಂತ್ರಗಳು ಇಲ್ಲಿ ತಯಾರಾಗುತ್ತವೆ. ವರ್ಕ್‌ಶಾಪಿಗೆ ಕಂಪ್ಯೂಟರ್ ಬಂದು ಎರಡು ವರ್ಷ ತುಂಬಿಲ್ಲ. ತಗಡು, ಗಾಲಿ, ಅಚ್ಚು, ಬೋಲ್ಟು ಒಂದೊಂದಕ್ಕೂ ಅಳತೆ ಕೊಟ್ಟು ಪರದೆಯ ಮೇಲೆ ಗಟ್ಟಿ ವಸ್ತುವಾಗಿ ನಿಲ್ಲಿಸಿ, ಅವನ್ನು ಜೋಡಿಸಿ ಇಡೀ ಯಂತ್ರದ ಮಾದರಿ ಕಟ್ಟುತ್ತಾರೆ. ಆಮೇಲೆ ಆ ಮಾದರಿಯಿಂದ ನೋಟಗಳನ್ನು ಕಾಗದಕ್ಕೆ ಇಳಿಸುತ್ತಾರೆ. ಎದುರಿನ ನೋಟ, ಮೇಲಿನ ನೋಟ, ಪಕ್ಕದ ನೋಟ ಕೇಳಿದೊಡನೆ ಸಿಗುತ್ತವೆ. ಅವರ ಕಸುಬು ಇರುವುದು ಉಳಿದವುಗಳಲ್ಲಿ. ಓರೆಯಾಗಿ ನಿಂತ ತಗಡನ್ನು ಅದರ ನೇರಕ್ಕೆ ಹೋಗಿ ನೋಡುವುದು, ಯಂತ್ರವನ್ನು ಬೇಕಾದ ಕಡೆ ಸೀಳಿ ಒಳಗಿನದನ್ನು ತೋರಿಸುವುದು, ಒಂದು ಮೂಲೆಯನ್ನಷ್ಟೇ ಹಿಗ್ಗಿಸಿ ಇಡುವುದು.

“ಮಾದರಿ ಒಂದ ಇರತೈತ್ರಿ. ಎಲ್ಲಿ ನಿಂತು ನೋಡಬೇಕು, ಎಲ್ಲಿ ಕೊಯ್ಯಬೇಕು ಅನ್ನೂದನ್ನ ನಾವು ಹೇಳಬೇಕು. ಹೇಳದಿದ್ರ ಅದು ತಾನಾಗಿ ತೋರಸೂದಿಲ್ಲ.”

ಕೀಲಿಮಣೆಗೂ ಮೌಸಿಗೂ ಇರುವುದು ಒಂದೇ ಕೈ. ಅಂಕಿ ಒತ್ತಿದ ಬೆರಳು ಮರುಕ್ಷಣ ಮೌಸಿನ ಮೇಲಿರುತ್ತದೆ, ಅಲ್ಲಿಂದ ಮತ್ತೆ ಕೀಲಿಮಣೆಗೆ. ಮೇಜಿನ ಮೇಲೆ ಹರಡಿದ ಹಳೆಯ ನಕ್ಷೆ ಸುರುಳಿ ಸುತ್ತದಂತೆ ಎಡತೋಳಿನ ತುದಿ ಅದನ್ನು ಒತ್ತಿ ಹಿಡಿದಿರುತ್ತದೆ. ನೋಡುತ್ತ ಕುಳಿತರೆ ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಕೈ ಇಲ್ಲವೆಂಬುದು ಮರೆತುಹೋಗುತ್ತದೆ.

ಒಂದೇ ಕೈಯಲ್ಲಿ ಕಂಪ್ಯೂಟರ್ ನಡೆಸುವ ಹೆಣ್ಣುಮಗಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಬಂದವನು ನಾನು. ಕೈ ಹೇಗೆ ಹೋಯಿತೆಂದು ಕೇಳುತ್ತೇನೆ. ಅವರು ಮಾಡುತ್ತಿದ್ದ ಕೆಲಸ ಮುಚ್ಚಿ ಇನ್ನೊಂದನ್ನು ತೆರೆಯುತ್ತಾರೆ. ಪರದೆಯ ಮೇಲೆ ಮೆಣಸಿನಕಾಯಿ ಪುಡಿ ಮಾಡುವ ಯಂತ್ರ, ಕುಂಬಳಕಾಯಿ ಹೋಳು ಮಾಡಿದಂತೆ ಓರೆಯಾಗಿ ಸೀಳಿದ್ದು. ಮೇಲೆ ಕಾಯಿ ಸುರಿಯುವ ಅಗಲವಾದ ಬಾಯಿ, ಕೆಳಗೆ ಗಂಟಲು, ಅದರ ಕೆಳಗೆ ತಿರುಗುವ ಉಕ್ಕಿನ ಬಡಿಗೆಗಳು.

“ಇಲ್ಲೆ ಹೋತ್ರಿ,” ಎಂದು ಗಂಟಲಿನ ಮೇಲೆ ಬೆರಳಿಡುತ್ತಾರೆ.

ಯಾವ ಯಂತ್ರ ಎಂದು ನಾನು ಕೇಳುತ್ತೇನೆ. “ಇದ ಮಷೀನು. ನಮ್ಮ ಸಾವಕಾರ್ರು ಮಾಡಿದ್ದು,” ಎನ್ನುತ್ತಾರೆ. ಗಾಜಿನ ಆಚೆ ವರ್ಕ್‌ಶಾಪಿನ ಮಾಲೀಕರಾದ ಗುಡದಪ್ಪನವರು ಆಗತಾನೇ ಬಂದು, ಕೆಲಸಗಾರರಿಗೆ ಏನೋ ಹೇಳುತ್ತ ನಿಂತಿದ್ದಾರೆ.

ಮೈಮುನಾಬಿಯ ತಂದೆ ಗೂಡುಸಾಬರು ಅಗಡಿ, ಗುತ್ತಲದ ಸುತ್ತಮುತ್ತ ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಸ್ಟೀಲಿನ ಪಾತ್ರೆ ಬಂದ ಮೇಲೆ ಆ ಕೆಲಸ ಇಳಿಯಿತು. ತಾಯಿ ಅಕ್ಬರಬಿ ಸುಗ್ಗಿಯ ತಿಂಗಳುಗಳಲ್ಲಿ ಊರಿನ ಬೇರೆ ಹೆಂಗಸರ ಜೊತೆ ಟೆಂಪೋ ಹತ್ತಿ ಬ್ಯಾಡಗಿಯ ಒಂದು ಖಾರಪುಡಿ ಮಿಲ್ಲಿಗೆ ಮೆಣಸಿನಕಾಯಿಯ ತೊಟ್ಟು ಮುರಿಯಲು ಹೋಗುತ್ತಿದ್ದರು. ೧೯೮೬ರಲ್ಲಿ, ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿದ್ದ ಮೈಮುನಾ ಕೂಡ ತಾಯಿಯ ಜೊತೆ ಹೋಗತೊಡಗಿದಳು.

ಯಂತ್ರದ ಮುಂದೆ ಕುಳಿತು ಕಾಯಿ ತುಂಬುತ್ತಿದ್ದ ಹೆಂಗಸು ಒಂದು ದಿನ ಬರಲಿಲ್ಲ. ಮೈಮುನಾಳನ್ನು ಕೂಡಿಸಿದರು. ಬ್ಯಾಡಗಿ ಕಾಯಿ ಒಣಗಿದರೆ ಹಗುರ, ಮೈಯೆಲ್ಲ ಸುಕ್ಕು. ಸುರಿದರೆ ತಾನಾಗಿ ಜಾರುವುದಿಲ್ಲ, ಒಂದಕ್ಕೊಂದು ಸಿಕ್ಕಿಕೊಂಡು ಬಾಯಲ್ಲೇ ನಿಲ್ಲುತ್ತದೆ. ಅದನ್ನು ಕೈಯಿಂದ ಒಳಕ್ಕೆ ನೂಕಬೇಕು. ಎಲ್ಲರೂ ಹಾಗೇ ಮಾಡುತ್ತಿದ್ದರು. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿದ ಅಕ್ಬರಬಿ ಮಗಳನ್ನು ಊಟಕ್ಕೆ ಕೂಗಿದರು. ಮಗಳು ಮುಖ ಹೊರಳಿಸಿದಳು. ಆ ಕ್ಷಣಕ್ಕೇ ಕೈ ಎಳೆದುಹೋಯಿತು.

ಆಮೇಲಿನದು ಅವರಿಗೆ ಸರಿಯಾಗಿ ನೆನಪಿಲ್ಲ. ಯಾರೋ ಬೆಲ್ಟು ಕಿತ್ತೆಸೆದ ಸಪ್ಪಳ ನೆನಪಿದೆ. ತಾಯಿ ಬಾಯಿ ತೆರೆದು ನಿಂತದ್ದು, ಆ ಬಾಯಿಂದ ದನಿ ಬಾರದೆ ಇದ್ದದ್ದು ನೆನಪಿದೆ. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಎಚ್ಚರವಾದಾಗ ಎಡಗೈ ಇರಲಿಲ್ಲ.

ಹುಡುಗಿ ಅತ್ತ ಇತ್ತ ನೋಡುತ್ತ ಕುಳಿತಿದ್ದಳು, ಲಕ್ಷ್ಯ ಇರಲಿಲ್ಲ, ಅದಕ್ಕೇ ಹೀಗಾಯಿತು ಎಂದು ಮಿಲ್ಲಿನವರು ಹೇಳಿದರು. ನೋಡಲು ಬಂದ ಬಂಧುಗಳೂ ಅದನ್ನೇ ಹೇಳಿದರು. ಮೈಮುನಾ ಎದುರು ಮಾತಾಡಲಿಲ್ಲ. “ಮಾರಿ ತಿರುವಿದ್ದು ಖರೇನ ಇತ್ತಲ್ರಿ. ಹನ್ನೊಂದು ವರ್ಷ ನಾನೂ ಹಂಗ ತಿಳಕೊಂಡಿದ್ದೆ,” ಎನ್ನುತ್ತಾರೆ ಈಗ.

ವರ್ಷವೊಂದು ಮನೆಯ ಮೂಲೆಯಲ್ಲಿ ಕಳೆದ ಮೇಲೆ ಅವರನ್ನು ಹೊರಗೆ ಕರೆತಂದವರು ತಾಯಿಯ ಅಣ್ಣ ಫಕ್ಕೀರಸಾಬರು. ರಾಣೇಬೆನ್ನೂರಿನಲ್ಲಿ ಮನೆಗಳ ಪ್ಲಾನು ಬರೆಯುತ್ತಿದ್ದ ಅವರು ಸೋದರ ಸೊಸೆಯನ್ನು ತಮ್ಮ ಹಲಗೆಯ ಮುಂದೆ ನಿಲ್ಲಿಸಿದರು. ಗೆರೆ ಎಳೆಯಲು ಎರಡು ಕೈ ಬೇಕು, ಒಂದು ಪಟ್ಟಿ ಹಿಡಿಯಲು, ಒಂದು ಪೆನ್ಸಿಲಿಗೆ. ಪಟ್ಟಿಯ ಮೇಲೆ ತಕ್ಕಡಿಯ ತೂಕದ ಕಲ್ಲಿಟ್ಟು ನೋಡಿದರು, ಅದು ಜಾರುತ್ತಿತ್ತು. ಕೊನೆಗೆ ಮೈಮುನಾ ತನ್ನ ಕತ್ತರಿಸಿದ ತೋಳಿನ ತುದಿಯಿಂದಲೇ ಪಟ್ಟಿಯನ್ನು ಒತ್ತಿ ಹಿಡಿಯತೊಡಗಿದಳು. ಗಾಯ ಮಾಗಿದ ಜಾಗ ಮತ್ತೆ ಒಡೆದು ಕಾಗದಕ್ಕೆ ರಕ್ತ ತಾಗಿದ್ದೂ ಉಂಟು. ಮಾವ ಆ ಕಾಗದವನ್ನು ತೆಗೆದು, ಹೊಸದನ್ನು ಹಚ್ಚುತ್ತಿದ್ದರಂತೆ. ಹಾಗೆ ಕೆಲವು ವರ್ಷ ಕಳೆದಾಗ ಆಕೆಯ ಗೆರೆಗೂ ಮಾವನ ಗೆರೆಗೂ ಭೇದ ಕಾಣದಂತಾಯಿತು.

೧೯೯೬ರಲ್ಲಿ ಗುಡದಪ್ಪನವರು ಕಂಪ್ಯೂಟರ್ ತರಿಸಿದರು. ಅದನ್ನು ನಡೆಸುವವರು ಹಾವೇರಿಯಲ್ಲಿ ಸಿಗಲಿಲ್ಲ. ಫಕ್ಕೀರಸಾಬರ ಪರಿಚಯದಿಂದ ಮೈಮುನಾಬಿ ಬಂದರು. ಹುಬ್ಬಳ್ಳಿಗೆ ಹೋಗಿ ಕಲಿತು ಬರಲು ಮಾಲೀಕರೇ ಕಳಿಸಿದರು. ಕೈ ಏನಾಯಿತೆಂದು ಅವರು ಕೇಳಿದ್ದುಂಟು. ಮಿಲ್ಲಿನಲ್ಲಿ ಹೋಯಿತು ಎಂದು ಇವರು ಹೇಳಿದ್ದುಂಟು. ಯಾವ ಮಿಲ್ಲು, ಯಾರ ಯಂತ್ರ ಎಂದು ಅವರು ಕೇಳಲಿಲ್ಲ. ಇವರಿಗೂ ಗೊತ್ತಿರಲಿಲ್ಲ. ಮಿಲ್ಲಿನಲ್ಲಿ ಅದನ್ನು ನೀಲಿ ಮಷೀನು ಎನ್ನುತ್ತಿದ್ದರು, ಅಷ್ಟೇ. ಮಾಡಿದವರ ಹೆಸರಿನ ಫಲಕದ ಮೇಲೆ ಕೆಂಪು ಪುಡಿ ಬೆರಳು ದಪ್ಪ ಕೂತಿತ್ತು.

ಕಳೆದ ಅಕ್ಟೋಬರಿನಲ್ಲಿ ಗುಡದಪ್ಪನವರು ತಮ್ಮ ಹಳೆಯ ಖಾರಪುಡಿ ಯಂತ್ರವನ್ನೇ ಸ್ವಲ್ಪ ದೊಡ್ಡದು ಮಾಡಿ ಸುಗ್ಗಿಗೆ ಮಾರಬೇಕೆಂದು ಹೊರಟರು. ತಮ್ಮ ತಂದೆಯ ಕಾಲದ ಪೆನ್ಸಿಲ್ ನಕ್ಷೆಗಳನ್ನು ತಂದುಕೊಟ್ಟರು. ಹೊಸ ಯಂತ್ರಗಳ ಹೊರಮೈ ಹಿಂದಿನ ಅಚ್ಚಿನಲ್ಲೇ ವೆಲ್ಡಿಂಗ್ ಆಗುತ್ತಿತ್ತು. ಮೈಮುನಾಬಿ ಹಳೆಯ ನಕ್ಷೆ ನೋಡುತ್ತ ಮಾದರಿ ಕಟ್ಟಿದರು. ಎದುರಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿದರು. ಎಲ್ಲವೂ ಹೊಂದಿತು. ಆಗಲೂ ಅವರಿಗೆ ಏನೂ ಅನ್ನಿಸಲಿಲ್ಲ. ಮಿಲ್ಲಿನಲ್ಲಿ ಕುಂತ ಕಡೆಯಿಂದಷ್ಟೇ ಕಂಡಿದ್ದ ಯಂತ್ರವನ್ನು ಹಾಗೆ ಚೌಕಾಗಿ ಎದುರು ನಿಂತು ಅವರು ಯಾವತ್ತೂ ನೋಡಿರಲೇ ಇಲ್ಲ.

ಕೊಳ್ಳುವವರಿಗೆ ಹಂಚುವ ಕಾಗದದಲ್ಲಿ ಇನ್ನೊಂದು ಚಿತ್ರ ಇರಲಿ, ಮುಂದೆ ಕುಂತು ಕಾಯಿ ತುಂಬುವವರಿಗೆ ಮಷೀನು ಹೇಗೆ ಕಾಣುತ್ತದೆ ಎಂಬುದನ್ನು ತೋರಿಸು ಎಂದು ಗುಡದಪ್ಪನವರು ಹೇಳಿದರು. ಅಂಥ ನೋಟ ಸಿದ್ಧವಾಗಿ ಸಿಗುವುದಿಲ್ಲ. ನೆಲದ ಮೇಲೆ ಕುಳಿತ ಹೆಂಗಸಿನ ಕಣ್ಣಿನ ಎತ್ತರ ಕೊಟ್ಟರು. ಕಾಯಿಯ ಚೀಲ ಇಡುವ ಕಡೆಗೆ, ಓರೆ ಮೂಲೆಯ ಪಕ್ಕಕ್ಕೆ ಆ ಕಣ್ಣನ್ನು ತಂದರು. ಗಂಟಲಿನ ಕಡೆ ನೋಡು ಎಂದು ಸೂಚನೆ ಕೊಟ್ಟರು. ಹಿಂದಿನ ಗೆರೆಗಳನ್ನು ಅಳಿಸಿ ಮುಂದೆ ಕಾಣುವುದನ್ನಷ್ಟೇ ಉಳಿಸಲು ಕಂಪ್ಯೂಟರಿಗೆ ಒಂದು ಚಹಾ ಕುಡಿಯುವಷ್ಟು ಹೊತ್ತು ಬೇಕು. ಗೆರೆಗಳು ಒಂದೊಂದಾಗಿ ಮಾಯವಾದವು. ಕೊನೆಗೆ ಉಳಿದದ್ದು ತಗ್ಗಾದ ಅಂಚು, ಅರ್ಧಚಂದ್ರದಂಥ ತಗಡು, ಅದರ ಸಂದಿಯಲ್ಲಿ ಇಣುಕುವ ಎರಡು ಬಡಿಗೆ.

“ಉರಿ ಎದ್ದಿತ್ರಿ,” ಎನ್ನುತ್ತಾರೆ ಮೈಮುನಾಬಿ. “ಇಲ್ಲದ ಬೆರಳಿಗೆ ಖಾರ ಹತ್ತಿದಂಗ. ಎದ್ದು ಓಡಿಹೋಗಿ ನಳದ ಕೆಳಗ ತೋಳು ಹಿಡದು ನಿಂತೆ. ಯಾಕ ಹಿಡದೇನಿ ಅನ್ನೂದು ನನಗ ತಿಳೀಲಿಲ್ಲ.”

ಮರಳಿ ಬಂದಾಗ ಅದು ಪರದೆಯ ಮೇಲೆ ಹಾಗೇ ಇತ್ತು. ಬಂದ್ ಮಾಡಿ ಮನೆಗೆ ಹೋಗಿಬಿಡಬೇಕು ಅನ್ನಿಸಿತಂತೆ. ಆದರೆ ಕುಳಿತರು. ಆ ಓರೆ ಮೂಲೆಯಿಂದ ಬಡಿಗೆಗಳ ನಡುವಿನವರೆಗೆ ಯಂತ್ರವನ್ನು ಸೀಳಿದರು. ನಾನು ಈಗ ನೋಡುತ್ತಿರುವ ನೋಟ ಅದೇ. ಯಂತ್ರದ ಬಾಯಿ ಎರಡು ಕಡೆಗೆ ವಾಲಿದೆ. ಹಾಗಾಗಿ ಒಂದು ಮೂಲೆ ಉಳಿದೆಲ್ಲಕ್ಕಿಂತ ತಗ್ಗು. ಎದುರಿನ ನೋಟದಲ್ಲಿ ಆ ಮೂಲೆ ಮುಂದಿನ ತಗಡಿನ ಹಿಂದಿದೆ, ಪಕ್ಕದ ನೋಟದಲ್ಲಿ ಬೆಲ್ಟಿನ ಗಾಲಿ ಅದನ್ನು ಮುಚ್ಚಿದೆ, ಮೇಲಿನಿಂದ ನೋಡಿದರೆ ಆಳ ತಿಳಿಯುವುದಿಲ್ಲ. ಮೂರೂ ನೋಟಗಳಲ್ಲಿ ಅಲ್ಲಿ ಮರೆಯಾದದ್ದನ್ನು ಸೂಚಿಸುವ ಒಂದಿಷ್ಟು ತುಂಡು ಗೆರೆಗಳಿವೆ, ಅಷ್ಟೇ. ಸೀಳಿ ನೋಡಿದರೆ ಮಾತ್ರ ಆ ಮೂಲೆಯ ಅಂಚಿನಿಂದ ಬಡಿಗೆಗೆ ಇರುವ ಅಂತರ ಕಾಣುತ್ತದೆ. ಮೈಮುನಾಬಿ ಆ ಅಂತರವನ್ನು ಅಳೆದು, ಅಳತೆಪಟ್ಟಿಯನ್ನು ತಮ್ಮ ಬಲಗೈಯ ಮೇಲೆ ಇಟ್ಟರು. ಆ ಅಳತೆ ಬೆರಳ ತುದಿಯಿಂದ ಮೊಣಕೈ ಮುಟ್ಟುವ ಮೊದಲೇ ಮುಗಿದುಹೋಯಿತು, ಕೈ ಇಳಿಸಿದರೆ ಬಡಿಗೆ ಸಿಗುವಷ್ಟು.

ಚೀಲ ಇಡಲು ಜಾಗ ಇದ್ದದ್ದು ಆ ಮೂಲೆಯಲ್ಲೇ. ತಗ್ಗಾಗಿದ್ದರಿಂದ ಕಾಯಿ ನೂಕಲು ಸುಲಭವಾದದ್ದೂ ಆ ಮೂಲೆಯೇ. ಯಂತ್ರದ ಮುಂದೆ ಕುಳಿತವರೆಲ್ಲ ಅಲ್ಲೇ ಕುಳಿತರು.

ಗುಡದಪ್ಪನವರು ಒಳಗೆ ಬಂದು ಚಿತ್ರ ಮುಗಿಯಿತೇ ಎಂದರು. ಮೈಮುನಾಬಿ ಎದ್ದು ನಿಂತು ಹೇಳಿದ್ದು ಇಷ್ಟೇ: “ಸಾವಕಾರ್ರ, ನನ್ನ ಕೈ ತಗೊಂಡಿದ್ದು ನಿಮ್ಮ ಮಷೀನು.”

ಈ ಮಾತು ಹೇಳಿದ್ದನ್ನು ಗುಡದಪ್ಪನವರೇ ನನಗೆ ಹೇಳುತ್ತಾರೆ. ಅರವತ್ತು ದಾಟಿದ ಮನುಷ್ಯ. “ಮೊದಲು ಸಿಟ್ಟ ಬಂತ್ರಿ ನನಗ. ಸುಳ್ಳ ಹೇಳಾಕತ್ತಾಳ ಅನಸ್ತು. ಆಮ್ಯಾಲೆ ಆ ಚಿತ್ರಾ ನೋಡಿದೆ. ನಮ್ಮಪ್ಪ ಮಾಡಿದ ಮಷೀನು ಅದು. ನಾ ಹುಟ್ಟಿದಾಗಿಂದ ನೋಡೇನಿ. ಆ ಕಡೆ ಕುಂತು ಒಂದಿನಾನೂ ನೋಡಿರಲಿಲ್ಲ.” ಅವರು ಹೊರಗೆ ಹೋಗಿ ವೆಲ್ಡಿಂಗ್ ನಿಲ್ಲಿಸಿ ಎಂದರು. ಯಾಕೆಂದು ಕೆಲಸಗಾರರು ಕೇಳುತ್ತಿದ್ದಂತೆ ಕಬ್ಬಿಣದ ರಾಶಿಯ ಮೇಲೆ ಕುಳಿತುಬಿಟ್ಟರು.

ಮರುದಿನ ಇಬ್ಬರೂ ಬ್ಯಾಡಗಿಗೆ ಹೋದರು. ಆ ಮಿಲ್ಲು ಅದೇ ಜಾಗದಲ್ಲಿತ್ತು. ಯಂತ್ರ ಇಷ್ಟು ವರ್ಷದಲ್ಲಿ ಗುಜರಿಗೆ ಹೋಗಿರುತ್ತದೆ ಎಂದು ಮೈಮುನಾಬಿ ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದರು. ಒಳಗೆ ಕಾಲಿಟ್ಟರೆ ಯಂತ್ರ ತಿರುಗುತ್ತಿತ್ತು. ಮೂಗು ಬಾಯಿಗೆ ಸೆರಗು ಬಿಗಿದುಕೊಂಡ ಹೆಂಗಸೊಬ್ಬಳು ಅದೇ ಮೂಲೆಯಲ್ಲಿ ಕುಳಿತು ಕೈಯಿಂದ ಕಾಯಿ ನೂಕುತ್ತಿದ್ದಳು.

ಗುಡದಪ್ಪನವರು ಓಡಿಹೋಗಿ ಮೋಟರಿನ ಸ್ವಿಚ್ಚು ಕೆಡವಿದರು.

ಆ ಹೆಂಗಸು ಭರಮವ್ವ, ಕಾಗಿನೆಲೆ ಕಡೆಯವರು. ಯಂತ್ರ ನಿಂತದ್ದಕ್ಕೆ ಗಾಬರಿಯಾಗಿ, ತಾನು ನೋಡಿಕೊಂಡೇ ಮಾಡುತ್ತಿದ್ದೇನೆ ಎಂದು ಅವರು ಸಮಜಾಯಿಷಿ ಕೊಡತೊಡಗಿದರು. ಅವರ ಬಲಗೈಯ ನಡುಬೆರಳಿಗೆ ತುದಿ ಇರಲಿಲ್ಲ. ಅದೇನೆಂದು ಗುಡದಪ್ಪನವರು ಕೇಳಿದಾಗ ಭರಮವ್ವ ಬೆರಳು ಮಡಿಚಿಕೊಂಡರು. ಅದೇನು ದೊಡ್ಡದಲ್ಲ, ಹೋದ ವರ್ಷ ತಮ್ಮ ಲಕ್ಷ್ಯ ತಪ್ಪಿತ್ತು ಎಂದರು. ತೊಟ್ಟು ಮುರಿಯುತ್ತ ಕುಳಿತಿದ್ದವರಲ್ಲಿ ಇನ್ನಿಬ್ಬರು ಮೆಲ್ಲಗೆ ಕೈ ತೋರಿಸಿದರು. ಒಬ್ಬಳಿಗೆ ಉಗುರಿಲ್ಲ, ಒಬ್ಬಳಿಗೆ ಕಿರುಬೆರಳು ಇಲ್ಲ. ಇಬ್ಬರೂ ಒಂದೊಂದು ಕಾಲಕ್ಕೆ ಆ ಮೂಲೆಯಲ್ಲಿ ಕುಳಿತಿದ್ದವರು. ಇಬ್ಬರೂ ತಮ್ಮ ಲಕ್ಷ್ಯ ತಪ್ಪಿತ್ತು ಎಂದೇ ಹೇಳಿದರು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆಂದು ಹೆದರಿ ಯಾರೂ ಯಾರಿಗೂ ಹೇಳಿರಲಿಲ್ಲ.

ಭರಮವ್ವ ಮುಂದೆ ಹೇಳಿದ ಮಾತನ್ನು ಮೈಮುನಾಬಿ ನನಗೆ ಹೇಳುವಾಗ ಪರದೆಯ ಕಡೆಗೇ ನೋಡುತ್ತಿದ್ದಾರೆ. “ಹೊಸದಾಗಿ ಬಂದವರಿಗೆ ನಾವು ಮೊದಲ ಹೇಳತೇವಿ ಯವ್ವಾ. ಮೈಮುನಾನಂಗ ಮಾಡಕೋಬ್ಯಾಡ್ರಿ ಅಂತ. ಇದಕ್ಕ ಮೈಮುನಾನ ಮಷೀನು ಅಂತಾರ. ಅಕೀ ಯಾರೋ, ಎಲ್ಲಿ ಅದಾಳೋ, ನಾ ನೋಡಿಲ್ಲ.”

ಮೈಮುನಾಬಿಯ ಎಡತೋಳು ಸೆರಗಿನ ಒಳಗಿತ್ತು. ಅವರು ಅದನ್ನು ಹೊರಗೆ ತೆಗೆದು ಭರಮವ್ವನ ಎದುರು ಹಿಡಿದರು. ಭರಮವ್ವ ಸ್ವಲ್ಪ ಹೊತ್ತು ನೋಡಿದರು, ಮುಖಕ್ಕೆ ಬಿಗಿದ ಸೆರಗು ಬಿಚ್ಚಿದರು, ಕೆಂಪು ಪುಡಿ ಮೆತ್ತಿದ ತಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡು ಆ ತೋಳನ್ನು ಹಿಡಿದುಕೊಂಡರು.

ಸುಗ್ಗಿ ಎದುರಿಗಿದ್ದಾಗ ಯಂತ್ರ ನಿಲ್ಲಿಸಲು ಮಿಲ್ಲಿನ ಮಾಲೀಕರು ಒಪ್ಪಲಿಲ್ಲ. ಗುಡದಪ್ಪನವರು ಮೋಟರಿನ ಬೆಲ್ಟು ಕಳಚಿ ಹೆಗಲಿಗೆ ಹಾಕಿಕೊಂಡು, ಸರಿಮಾಡಿ ಕೊಡುವವರೆಗೆ ಇದು ನನ್ನ ಹತ್ತಿರವೇ ಇರುತ್ತದೆ ಎಂದು ಅಲ್ಲೇ ಕುಳಿತರು. ಸಂಜೆಯ ಹೊತ್ತಿಗೆ ಮಾತು ಮುಗಿದು, ಬಾಯಿ ಎತ್ತರಿಸಿದ ಹೊಸ ಗಂಟಲು ಹಾಕಿಸಲು ಮಿಲ್ಲಿನವರು ಒಪ್ಪಿದರು.

ಅಂದು ರಾತ್ರಿ ಊಟವಾದ ಮೇಲೆ ಮೈಮುನಾಬಿ ತಾಯಿಗೆ ಎಲ್ಲವನ್ನೂ ಹೇಳಿದರು. ಮನೆಯಲ್ಲಿ ಅವರ ಮಾತು ಉರ್ದು, ನನಗೆ ಹೇಳುವುದು ಕನ್ನಡದಲ್ಲಿ. ಅಕ್ಬರಬಿ ಓದು ಬಲ್ಲವರಲ್ಲ, ನಕ್ಷೆ ತಿಳಿಯದು. ಮಗಳು ನೀರಿನ ಕೊಡವನ್ನು ಓರೆಯಾಗಿಟ್ಟು, ತಾಯಿಯ ಕೈಯನ್ನು ಹಿಡಿದು ಅದರೊಳಗೆ ಇಳಿಸಿ, ಬಡಿಗೆ ಎಲ್ಲಿತ್ತು ಎಂಬುದನ್ನು ಮುಟ್ಟಿಸಿ ತೋರಿಸಿದರು. ತಾಯಿ ಕೈ ಹೊರಗೆ ತೆಗೆಯಲಿಲ್ಲ. ಕೊಡದೊಳಗೆ ಕೈ ಇಟ್ಟುಕೊಂಡೇ ಕೇಳಿದರಂತೆ: “ಹಂಗಾರ ನಾ ಕರದಿದ್ದಕ್ಕ ಅಲ್ಲೇನು?”

ತಪ್ಪು ತನ್ನದೆಂದು ಮೈಮುನಾಬಿ ಹನ್ನೊಂದು ವರ್ಷ ನಂಬಿದ್ದರು. ತಪ್ಪು ತನ್ನದೆಂದು, ಊಟಕ್ಕೆ ತಾನು ಕೂಗಿದ್ದರಿಂದಲೇ ಮಗಳ ಕೈ ಹೋಯಿತೆಂದು ತಾಯಿಯೂ ಅಷ್ಟೇ ವರ್ಷ ನಂಬಿಕೊಂಡಿದ್ದರು. ಒಂದೇ ಮನೆಯಲ್ಲಿ, ಒಂದೇ ತಾಟಿನಲ್ಲಿ ಉಂಡು, ಇಬ್ಬರೂ ಅದನ್ನು ಬಾಯಿಂದ ಆಡಿರಲಿಲ್ಲ. ಆ ದಿನದ ನಂತರ ಅಮ್ಮ ತನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಊಟಕ್ಕಾದರೆ ಹತ್ತಿರ ಬಂದು ಹೆಗಲು ಮುಟ್ಟುತ್ತಿದ್ದರು ಎಂಬುದು ಮಗಳಿಗೆ ಆಗ ಹೊಳೆಯಿತು.

“ಅಮ್ಮಾ, ನೀ ಕರೀದಿದ್ರೂ ಹೋಗತಿತ್ತು. ನಾ ಬಡಿಗಿ ನೋಡಕೋತ ಕುಂತಿದ್ರೂ ಹೋಗತಿತ್ತು ಅಂತ ಹೇಳಿದೆ ರೀ,” ಎನ್ನುತ್ತಾರೆ ಮೈಮುನಾಬಿ. ಹೊರಗೆ ವೆಲ್ಡಿಂಗ್ ಶುರುವಾಗಿದೆ, ಪರದೆ ಒಮ್ಮೆ ಕುಗ್ಗಿ ಮತ್ತೆ ನಿಲ್ಲುತ್ತದೆ. ಅವರು ಚಟ್ಟನೆ ಮಾಡಿದ ಕೆಲಸ ಉಳಿಸಿಕೊಳ್ಳುತ್ತಾರೆ.

ವೆಲ್ಡಿಂಗ್ ಆಗಿದ್ದ ಹೊಸ ಯಂತ್ರಗಳನ್ನೆಲ್ಲ ಬಿಚ್ಚಿ, ಬಾಯಿಯನ್ನು ನೇರವಾಗಿ, ಕೈ ಬಡಿಗೆಗೆ ಮುಟ್ಟದಷ್ಟು ಎತ್ತರವಾಗಿ ಮತ್ತೆ ಕಟ್ಟಲಾಗುತ್ತಿದೆ. ಕಾಯಿ ನೂಕಲು ಒಂದು ಕಟ್ಟಿಗೆಯ ಕೋಲನ್ನೂ ಕೊಡುತ್ತಾರೆ. ಭರಮವ್ವನಿಗೆ ಈ ಕೋಲು ಅಷ್ಟು ಹಿಡಿಸಿಲ್ಲ, ಕೆಲಸ ಸಾವಕಾಶ ಆಗುತ್ತದೆ ಎಂದು ಆಕೆ ದೂರಿದ್ದಾರಂತೆ. ಹಳೆಯ ಯಂತ್ರಗಳು ಯಾವ ಯಾವ ಊರಿನಲ್ಲಿವೆ ಎಂಬುದು ಗುಡದಪ್ಪನವರಿಗೆ ಪೂರ್ತಿ ಗೊತ್ತಿಲ್ಲ. ಕೆಲವು ಕೈಯಿಂದ ಕೈಗೆ ಮಾರಾಟವಾಗಿವೆ. ವಾರದಲ್ಲಿ ಒಂದು ದಿನ ಅವರು ಹುಡುಕಲು ಹೋಗುತ್ತಾರೆ. ಗುತ್ತಲದಲ್ಲಿ ಒಂದು ಸಿಕ್ಕಿತು. ರಾಣೇಬೆನ್ನೂರಿನಲ್ಲಿ ಇದೆಯೆಂದು ಕೇಳಿದ್ದು ಇನ್ನೂ ಸಿಕ್ಕಿಲ್ಲ. ಅಲ್ಲಿ ಯಾರು ಕುಳಿತಿದ್ದಾರೋ ಎಂಬ ಯೋಚನೆಗೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಾರೆ.

ಈಗ ಈ ವರ್ಕ್‌ಶಾಪಿನಿಂದ ಹೊರಡುವ ಪ್ರತಿ ಯಂತ್ರದ ನಕ್ಷೆಯಲ್ಲಿ, ಮೂರು ನೋಟಗಳ ಜೊತೆಗೆ ನಾಲ್ಕನೆಯದೊಂದು ಇರುತ್ತದೆ. ಅದಕ್ಕೆ ಮೈಮುನಾಬಿ ಕೊಟ್ಟ ಹೆಸರು ‘ಕುಂತವರ ನೋಟ’. ಶೇಂಗಾ ಸುಲಿಯುವ ಯಂತ್ರಕ್ಕೂ ಅದು ಬೇಕು, ಕಾಳು ಹಸನು ಮಾಡುವುದಕ್ಕೂ ಬೇಕು. ಅದಾಗದೆ ತಗಡು ಕತ್ತರಿಸುವಂತಿಲ್ಲ ಎಂದು ಮಾಲೀಕರ ಅಪ್ಪಣೆ.

ಏಳುವ ಮೊದಲು, ನಿಮಗೇನು ಆಸೆ ಇದೆ ಎಂದು ಕೇಳುತ್ತೇನೆ. ಹೊಸ ಕಂಪ್ಯೂಟರ್ ಕೇಳುತ್ತಾರೇನೋ, ಕೃತಕ ಕೈ ಕೇಳುತ್ತಾರೇನೋ ಎಂದು ನನ್ನ ಎಣಿಕೆ. ಮೈಮುನಾಬಿ ಮೌಸಿನ ಮೇಲಿನ ಕೈ ತೆಗೆಯದೆ ಯೋಚಿಸುತ್ತಾರೆ.

“ಬ್ಯಾಡಗಿ ಹೆಣ್ಮಕ್ಕಳು ನನ್ನ ಹೆಸರು ಮರೀಬೇಕ್ರಿ,” ಎನ್ನುತ್ತಾರೆ. “ಹೊಸದಾಗಿ ಬಂದಾಕಿಗೆ ಅಂಜಸಾಕ ನನ್ನ ಹೆಸರು ಬೇಕಾಗಬಾರದು. ಆ ಮಷೀನಿಗೆ ಬರೇ ಮಷೀನು ಅಂದ್ರ ಸಾಕು.”